ಓದುಗರ ಪ್ರಶ್ನೆ: ಲೇಖಕರ ಸಂಘ ಸೇರಿದರೆ ಶಾಲು ಬಿಟ್ಟು ಇನ್ನೇನು ಸಿಗುತ್ತೆ?

ಪ್ರಶ್ನೆ: ನನ್ನ ಮೊದಲ ಕಥಾಸಂಕಲನ ಅಚ್ಚಾಗಿ ಎರಡು ವರ್ಷ ಆಯಿತು. ಪ್ರಕಾಶಕರು ಒಂದಿಷ್ಟು ಗೌರವ ಪ್ರತಿ ಕೊಟ್ಟು ಸುಮ್ಮನಾದರು. ದುಡ್ಡಿನ ಮಾತೆತ್ತಿದರೆ ‘ಲೈಬ್ರರಿಗೆ ಕೊಟ್ಟ ಪುಸ್ತಕದ ಬಿಲ್ ಇನ್ನೂ ಆಗಿಲ್ಲ’ ಅನ್ನುತ್ತಾರೆ. ಕರಾರು ಪತ್ರವೂ ಇಲ್ಲ. ಗೆಳತಿ ಲೇಖಕರ ಸಂಘಕ್ಕೆ ಸೇರು ಅಂತಾಳೆ. ಉಪಯೋಗ ಇದೆಯಾ?
– ಓದುಗರೊಬ್ಬರು, ಬಸವೇಶ್ವರನಗರ

ಉತ್ತರ: ಮೊದಲು ನಿಮ್ಮ ಪುಸ್ತಕದ ಶೀರ್ಷಿಕೆ ಪುಟದ ಹಿಂಬದಿ ನೋಡಿ. ‘ಹಕ್ಕುಗಳು: ಲೇಖಕರದು’ ಅಂತ ಇದೆಯಾ? ಅಲ್ಲೇ ‘ಪ್ರತಿಗಳು: 1000’ ಅಂತಲೋ 500 ಅಂತಲೋ ಇರುತ್ತೆ. ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಎಷ್ಟು ಪ್ರತಿ ಹಾಕಿದ್ದಾರೆ ಅನ್ನೋದಕ್ಕೆ ಪ್ರಕಾಶಕರೇ ಅಚ್ಚು ಹಾಕಿ ಕೊಟ್ಟ ಲೆಕ್ಕ ಅದು.

ಕರಾರು ಇಲ್ಲ ಅಂತ ಗಾಬರಿ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಬಿಟ್ಟುಕೊಡೋದು ಬರವಣಿಗೆಯಲ್ಲೇ ಆಗಬೇಕು, ಸಹಿಯೂ ಬೇಕು. ನೀವು ಯಾವ ಕಾಗದಕ್ಕೂ ಸಹಿ ಹಾಕಿಲ್ಲ ಅಂದರೆ ಹಕ್ಕು ನಿಮ್ಮದೇ, ಎರಡನೇ ಮುದ್ರಣ ಬೇರೆ ಕಡೆ ಮಾಡಿಸಬಹುದು. ತೊಂದರೆ ಇರೋದು ಹಳೇ ದುಡ್ಡಿನ ವಿಷಯದಲ್ಲಿ. ಲೇಖಕರಿಗೆ ನೂರಕ್ಕೆ ಇಷ್ಟು ರಾಯಧನ ಅಂತ ಎಲ್ಲೂ ಬರೆದಿಲ್ಲದಿದ್ದರೆ ವಸೂಲಿ ಕಷ್ಟ.

ಇನ್ನು ಸಂಘದ ಮಾತು. ಲಂಡನ್ನಿನಲ್ಲಿ 1884ರಲ್ಲಿ ಕಾದಂಬರಿಕಾರ ವಾಲ್ಟರ್ ಬೆಸಂಟ್ ‘ಸೊಸೈಟಿ ಆಫ್ ಆಥರ್ಸ್’ ಕಟ್ಟಿದಾಗ ಆತನ ತಕರಾರೂ ಹೆಚ್ಚುಕಡಿಮೆ ನಿಮ್ಮದೇ: ಪ್ರಕಾಶಕರು ಲೆಕ್ಕ ತೋರಿಸೋಲ್ಲ. ಕವಿ ಟೆನಿಸನ್ ಅದರ ಮೊದಲ ಅಧ್ಯಕ್ಷ. ಇವತ್ತಿಗೂ ಅಲ್ಲಿ ಸದಸ್ಯರು ಸಹಿ ಹಾಕೋ ಮೊದಲು ಕರಾರನ್ನು ಕಳಿಸಿದರೆ ಸಂಘದವರು ಓದಿ, ಎಲ್ಲಿ ಮೋಸ ಹೋಗ್ತೀರಿ ಅಂತ ಹೇಳುತ್ತಾರೆ. ನಮ್ಮ ಕಥೆ ಬೇರೆ. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತು 1915ರಲ್ಲಿ, ಕನ್ನಡದವರು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದಾಗ, ನುಡಿಯನ್ನು ಒಂದುಗೂಡಿಸಲಿಕ್ಕೆ ಹುಟ್ಟಿದ್ದು. ನಿಘಂಟು, ಸಮ್ಮೇಳನ, ಕಾವ-ಜಾಣ-ರತ್ನ ಅನ್ನೋ ಕನ್ನಡ ಪರೀಕ್ಷೆ ಎಲ್ಲ ಆ ಉದ್ದೇಶಕ್ಕೆ ತಕ್ಕ ಕೆಲಸಗಳೇ. ಲೇಖಕರ ಜೇಬಿನ ಚಿಂತೆ ಅದರ ಹುಟ್ಟಿನಲ್ಲೇ ಇರಲಿಲ್ಲ, ಹಾಗಾಗಿ ಈಗ ಬೈದು ಪ್ರಯೋಜನ ಇಲ್ಲ. (ಶಾಲಿನ ಬಗ್ಗೆ ಮಾತ್ರ ಧಾರಾಳವಾಗಿ ಬೈಯಬಹುದು.)

ಆದರೂ ಸೇರಿ ಅಂತಲೇ ಹೇಳ್ತೀನಿ. ಸಂಘ ಕೋರ್ಟ್ ಅಲ್ಲ, ನಿಮ್ಮ ಬಾಕಿ ವಸೂಲಿ ಮಾಡಿಕೊಡೋಲ್ಲ. ಆದರೆ ಹತ್ತು ಪುಸ್ತಕ ತಂದ ಹಿರಿಯರೊಬ್ಬರು ಅಲ್ಲಿ ಸಿಕ್ಕೇ ಸಿಗುತ್ತಾರೆ, ಯಾವ ಪ್ರಕಾಶಕರು ವರ್ಷಕ್ಕೊಮ್ಮೆ ಲೆಕ್ಕ ಕೊಡ್ತಾರೆ, ಯಾರು ಫೋನ್ ಎತ್ತೋಲ್ಲ ಅನ್ನೋದು ಕಾಫಿ ಕುಡಿಯುತ್ತಾ ತಿಳಿಯುತ್ತೆ. ಅದು ಯಾವ ಜಾಹೀರಾತಿನಲ್ಲೂ ಬರೋಲ್ಲ ಅಲ್ವಾ? ಗ್ರಂಥಾಲಯ ಇಲಾಖೆಯ ಸಗಟು ಖರೀದಿ ತಡವಾದರೆ ಒಬ್ಬರ ಅರ್ಜಿಗಿಂತ ಇನ್ನೂರು ಸಹಿಯ ಮನವಿಗೆ ತೂಕ ಜಾಸ್ತಿ. ಹೊಸ ಪುಸ್ತಕಕ್ಕೆ ಮಾತ್ರ ಕರಾರು ಇಲ್ಲದೆ ಹಸ್ತಪ್ರತಿ ಕೊಡಬೇಡಿ. ಹಕ್ಕು ಎಷ್ಟು ವರ್ಷಕ್ಕೆ ಕೊಡ್ತೀರಿ ಅನ್ನೋ ಅವಧಿ ಬರೆಸಿ, ಬರೆಸದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ಹಿಡಿಯುತ್ತೆ.

ಪ್ರಶ್ನೆ: ಹೆಂಗಸರಿಗೆ ಬೇರೆ ಸಂಘ ಯಾಕೆ ಬೇಕಿತ್ತು?
– ಓದುಗರೊಬ್ಬರು, ಜಯನಗರ

ಉತ್ತರ: ಸಮ್ಮೇಳನದ ಹಳೇ ಆಮಂತ್ರಣ ಪತ್ರಿಕೆ ಸಿಕ್ಕರೆ ವೇದಿಕೆ ಮೇಲಿನ ಹೆಸರುಗಳನ್ನು ಓದಿ, ಉತ್ತರ ಅಲ್ಲೇ ಇದೆ. ಕರ್ನಾಟಕ ಲೇಖಕಿಯರ ಸಂಘ ಶುರುವಾಗಿದ್ದು 1979ರಲ್ಲಿ. ಮೊದಲ ಅಧ್ಯಕ್ಷೆ ಟಿ. ಸುನಂದಮ್ಮ, ಹಾಸ್ಯ ಬರಹಗಾರ್ತಿ. ಹೆಂಗಸರಿಗೆ ಹಾಸ್ಯ ಬರೋಲ್ಲ ಅನ್ನೋರ ಕಾಲದಲ್ಲಿ ಒಳ್ಳೇ ಆಯ್ಕೆ.

ಪ್ರಶ್ನೆ: ನಮ್ಮ ತಂದೆ ಕಾದಂಬರಿ ಬರೆಯುತ್ತಿದ್ದರು, 1990ರಲ್ಲಿ ತೀರಿಕೊಂಡರು. ಯಾರೋ ಕೇಳದೆ ಮರುಮುದ್ರಣ ಮಾಡಿದ್ದಾರೆ. ಮಾಡಬಹುದಾ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಇಲ್ಲ. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ತಂದೆಯವರು ಬೇರೆಯವರಿಗೆ ಬರೆದುಕೊಟ್ಟಿರದಿದ್ದರೆ 2050ರ ಕೊನೆಯವರೆಗೂ ಅದು ನಿಮ್ಮ ಕುಟುಂಬದ್ದು. ವಕೀಲರಿಂದ ಒಂದು ನೋಟಿಸ್ ಕಳಿಸಿ. ಜೊತೆಗೆ ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಒಬ್ಬರ ಹೆಸರಿಗೆ ಅಧಿಕಾರ ಪತ್ರ ಮಾಡಿಕೊಳ್ಳಿ, ಯಾಕಂದರೆ ಮುಂದೆ ಸರಿಯಾದ ಪ್ರಕಾಶಕರು ಬಂದು ಕೇಳಿದಾಗ ನಾಲ್ಕು ಮನೆ ಸುತ್ತಿಸಿದರೆ ಅವರು ಆಸೆ ಬಿಟ್ಟು ಹೋಗ್ತಾರೆ.