ಮನೆಯಲ್ಲೇ ಹಾಡು ರೆಕಾರ್ಡ್ ಮಾಡೋಕೆ ಯಾವ ಸಾಫ್ಟ್‌ವೇರ್?

ಪ್ರಶ್ನೆ: ಸರ್, ನಾನು ಹದಿನೈದು ವರ್ಷದಿಂದ ಹಿಂದೂಸ್ತಾನಿ ಕಲಿಯುತ್ತಿದ್ದೇನೆ, ವಚನಗಳನ್ನೂ ಹಾಡುತ್ತೇನೆ. ಮನೆಯ ಮೇಲಿನ ಕೋಣೆಯಲ್ಲಿ ಸಣ್ಣದೊಂದು ಸ್ಟುಡಿಯೋ ಮಾಡಿಕೊಳ್ಳುವ ಆಸೆ. ಹಳೆ ವಿಂಡೋಸ್ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ಯೂಟ್ಯೂಬ್ ನೋಡಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ರೊ ಟೂಲ್ಸ್ ಅನ್ನುವ ಸಾಫ್ಟ್‌ವೇರ್ ಇಲ್ಲದಿದ್ದರೆ ದನಿ ಚೆನ್ನಾಗಿ ಬರಲ್ಲ ಅಂತ ಪರಿಚಯದವರೊಬ್ಬರು ಹೆದರಿಸಿದರು. ಯಾವುದನ್ನು ಹಾಕಿಕೊಳ್ಳಲಿ?
— ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಮೊದಲು ಆ ಹೆದರಿಕೆ ಬಿಡಿ. ರೆಕಾರ್ಡ್ ಆಗುವಾಗ ಸಾಫ್ಟ್‌ವೇರ್ ನಿಮ್ಮ ದನಿಗೆ ಏನನ್ನೂ ಸೇರಿಸಲ್ಲ, ಏನನ್ನೂ ತೆಗೆಯಲ್ಲ. ಮೈಕ್ ದನಿ ಹಿಡಿಯುತ್ತದೆ, ಮೈಕ್‌ಗೂ ಕಂಪ್ಯೂಟರ್‌ಗೂ ನಡುವೆ ಇರುವ ಪೆಟ್ಟಿಗೆ, ಅಂದರೆ ಆಡಿಯೋ ಇಂಟರ್ಫೇಸ್, ಅದನ್ನು ಅಂಕಿಗಳಾಗಿ ಮಾಡುತ್ತದೆ, ಸಾಫ್ಟ್‌ವೇರ್ ಆ ಅಂಕಿಗಳನ್ನು ಡಿಸ್ಕ್‌ಗೆ ಬರೆದಿಡುತ್ತದೆ. ಅದೇ ಮೈಕ್, ಅದೇ ಕೋಣೆ, ಅದೇ ಇಂಟರ್ಫೇಸ್ ಇಟ್ಟುಕೊಂಡು ಪ್ರೊ ಟೂಲ್ಸ್‌ನಲ್ಲಿ ಒಮ್ಮೆ, ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಒಮ್ಮೆ ಹಾಡಿದರೆ ಯಾವುದು ಯಾವುದರದು ಅಂತ ಗುರುತಿಸೋಕೆ ಆಗಲ್ಲ. ದೊಡ್ಡ ಸ್ಟುಡಿಯೋಗಳಲ್ಲಿ ಪ್ರೊ ಟೂಲ್ಸ್ ಇರೋದಕ್ಕೆ ಕಾರಣ ಬೇರೆ. ಒಂದು ಕಡೆ ರೆಕಾರ್ಡ್ ಆದದ್ದು ಇನ್ನೊಂದು ಕಡೆ ಮಿಕ್ಸ್ ಆಗಬೇಕು, ಎಲ್ಲರ ಹತ್ತಿರ ಒಂದೇ ಇದ್ದರೆ ಅನುಕೂಲ.

ಹಾಗಾದರೆ ಆರಿಸುವಾಗ ಏನು ನೋಡಬೇಕು? ನಿಮ್ಮ ಸಂಗೀತ ಎಂಥದು ಅನ್ನೋದನ್ನ ನೋಡಬೇಕು. ಇದನ್ನು ಯಾರೂ ಹೇಳಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಈಗಿನ ಬಹುತೇಕ ಸಾಫ್ಟ್‌ವೇರ್‌ಗಳು ತೆರೆದ ಕೂಡಲೇ ನಿಮಿಷಕ್ಕೆ 120 ಬೀಟ್ ಅಂತ ಗೆರೆ ಹಾಕಿಕೊಂಡು ಕೂತಿರುತ್ತವೆ. ಸಿನಿಮಾ ಹಾಡಿಗೆ, ರ‍್ಯಾಪಿಗೆ ಅದು ಬೇಕೇ ಬೇಕು. ನಿಮ್ಮ ಆಲಾಪಕ್ಕೆ, ನಿಧಾನಗತಿಯ ವಿಲಂಬಿತ್ ಏಕತಾಳಕ್ಕೆ ಆ ಗೆರೆ ಏನು ಮಾಡೀತು? ಹಿಂದೆ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ ಹಿಡಿಯುತ್ತಿತ್ತು. ನಮ್ಮ ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಅಂಥ ತಟ್ಟೆಗಳಿಗೆ ಹಾಡಿದವರು, ಇಡೀ ರಾಗವನ್ನು ಅಷ್ಟರಲ್ಲೇ ಕೂರಿಸಬೇಕಿತ್ತು. ನಿಮಗೆ ಆ ಕಟ್ಟು ಇಲ್ಲ. ನಲವತ್ತು ನಿಮಿಷ ಒಂದೇ ಸಮ ಹಾಡಿದರೂ ನಡುವೆ ನಿಲ್ಲದ, ಬೀಟ್ ಗೆರೆಯನ್ನು ಮುಚ್ಚಿಡಬಹುದಾದ, ಹಳೆ ಲ್ಯಾಪ್‌ಟಾಪ್‌ಗೆ ಭಾರವಾಗದ ಸಾಫ್ಟ್‌ವೇರ್ ನಿಮಗೆ ಬೇಕು.

ನನ್ನ ಸಲಹೆ ರೀಪರ್. ಒಂದು ಕಾಲಕ್ಕೆ ಎಲ್ಲರ ಕಂಪ್ಯೂಟರ್‌ನಲ್ಲೂ ಹಾಡು ಕೇಳಿಸುತ್ತಿದ್ದ ವಿನ್‌ಆಂಪ್ ನೆನಪಿದೆಯಲ್ವಾ, ಅದನ್ನು ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಮಾಡಿದವರು. ಡೌನ್‌ಲೋಡ್ ತುಂಬ ಚಿಕ್ಕದು, 4 ಜಿಬಿ ರ‍್ಯಾಮ್‌ನಲ್ಲಿ ಆರಾಮಾಗಿ ಓಡುತ್ತದೆ. 60 ದಿನ ಪೂರ್ತಿ ಬಳಸಿ ನೋಡಬಹುದು, ಯಾವ ಸೌಲಭ್ಯವನ್ನೂ ಮುಚ್ಚಿಟ್ಟಿಲ್ಲ. ಆಮೇಲೆ ಮನೆ ಬಳಕೆಯ ಲೈಸೆನ್ಸಿಗೆ 60 ಡಾಲರ್, ಅಂದರೆ 5,000 ರೂಪಾಯಿ ದಾಟುತ್ತದೆ. 60 ದಿನ ಕಳೆದರೂ ಅದು ಬೀಗ ಹಾಕಿಕೊಳ್ಳಲ್ಲ, ಆದರೆ ಹಣ ಕೊಟ್ಟುಬಿಡಿ. ನಾವೂ ಕಲಾವಿದರು, ನಮ್ಮ ಕೆಲಸಕ್ಕೆ ಯಾರಾದರೂ ದುಡ್ಡು ಕೊಡದೆ ಹೋದರೆ ಹೇಗಿರುತ್ತದೆ ಅಂತ ನಮಗೆ ಗೊತ್ತಲ್ಲ. ತೆರೆದ ಮೇಲೆ ಮೇಲಿನ ಬಟನ್ ಪಟ್ಟಿಯಲ್ಲಿ ಗ್ರಿಡ್ ಬಟನ್ ಒತ್ತಿ, ಗೆರೆಗಳು ಹೋಗುತ್ತವೆ. ಆಲ್ಟ್ ಜೊತೆ ಎಸ್ ಒತ್ತಿ, ತುಂಡು ಮಾಡಿದ ದನಿ ಗೆರೆಗೆ ಅಂಟಿಕೊಳ್ಳೋದು ನಿಲ್ಲುತ್ತದೆ. ಈಗ ಅದು ಖಾಲಿ ಹಾಳೆ.

ತಂಬೂರಿ, ದನಿ ಎರಡೇ ಇವೆ, ಜಾಸ್ತಿ ಕತ್ತರಿಸೋದು ಜೋಡಿಸೋದು ಇಲ್ಲ ಅನ್ನೋದಾದರೆ ಆಡಾಸಿಟಿ ಸಾಕು. 2000ನೇ ಇಸವಿಯಿಂದ ಇದೆ, ಪೂರ್ತಿ ಪುಕ್ಕಟೆ. ಕೆಲವರು ಅದನ್ನು ಹಗುರವಾಗಿ ನೋಡುತ್ತಾರೆ, ನನಗೆ ಅದು ಸರಿ ಕಾಣಲ್ಲ. ಆದರೆ ತಬಲಾ, ಪೇಟಿ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿದು ಆಮೇಲೆ ನಿಧಾನಕ್ಕೆ ಮಿಕ್ಸ್ ಮಾಡೋದಿದ್ದರೆ ರೀಪರ್‌ನಲ್ಲಿ ಕೈ ಚುರುಕಾಗಿ ಓಡುತ್ತದೆ. ಮನೆಯಲ್ಲಿ ಯಾರದಾದರೂ ಮ್ಯಾಕ್ ಇದ್ದರೆ ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ ಸಿಗುತ್ತದೆ, ಅದೂ ಒಳ್ಳೆಯದೇ. ಅದಕ್ಕೋಸ್ಕರ ಮ್ಯಾಕ್ ಕೊಳ್ಳೋಕೆ ಹೋಗಬೇಡಿ.

ಉಳಿದ ದುಡ್ಡು ಮೈಕಿಗೆ, ಕೋಣೆಗೆ. ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ಹೊಡೆಯಿರಿ. ಟಪ್ ಅಂದದ್ದರ ಬೆನ್ನಿಗೆ ಟಿಣ್ ಅಂತ ಬಾಲ ಬಂತಾ? ಆ ಬಾಲ ನಿಮ್ಮ ಪ್ರತಿ ಸ್ವರಕ್ಕೂ ಅಂಟುತ್ತದೆ, ಯಾವ ಸಾಫ್ಟ್‌ವೇರ್‌ನಿಂದಲೂ ಪೂರ್ತಿ ತೆಗೆಯೋಕೆ ಬರಲ್ಲ. ಅಂಗಡಿಯಲ್ಲಿ ಮಾರುವ ಫೋಮ್ ಹಾಳೆ ತೆಳುವಾಗಿರುತ್ತದೆ. ಅದರ ಬದಲು ಮನೆಯ ಹಳೆ ಕೌದಿಗಳನ್ನು ತೆಗೆಯಿರಿ. ನಾನು ಒಬ್ಬ ಅಜ್ಜಿಯ ಹಾಡು ಹಿಡಿಯುವಾಗ ಅವರೇ ಹೊಲಿದ ಎರಡು ಕೌದಿಗಳನ್ನು ಹಗ್ಗಕ್ಕೆ ಹಾಕಿ ಅವರ ಬೆನ್ನ ಹಿಂದೆ ಇಳಿಬಿಟ್ಟಿದ್ದೆ, ಗೋಡೆಯಿಂದ ಒಂದು ಗೇಣು ದೂರಕ್ಕೆ. ಹಳೆ ಸೀರೆಗಳ ಏಳೆಂಟು ಪದರ, ಒತ್ತೊತ್ತಾಗಿ ಕೈಹೊಲಿಗೆ. ಮತ್ತೆ ಚಪ್ಪಾಳೆ ಹೊಡೆದರೆ ಬಾಲವೇ ಇಲ್ಲ. ಅಜ್ಜಿ ಉಸಿರು ಎಳೆದುಕೊಂಡದ್ದು, ಕೈಬಳೆ ಮೆಲ್ಲಗೆ ತಾಗಿದ್ದು ಕೂಡ ಹೆಡ್‌ಫೋನ್‌ನಲ್ಲಿ ಕೇಳುತ್ತಿತ್ತು.

ಆ ರೆಕಾರ್ಡಿಂಗ್ ಈಗ ನನ್ನ ಹತ್ತಿರ ಇಲ್ಲ. ಪೆನ್‌ಡ್ರೈವ್‌ಗೆ ಪ್ರಾಜೆಕ್ಟ್ ಫೈಲ್ ಹಾಕಿಕೊಂಡು ಬ್ಯಾಕಪ್ ಆಯಿತು ಅಂದುಕೊಂಡೆ. ಅದು ಕೆಲವೇ ಕೆಬಿ ಇತ್ತು. ಯಾವ ಟ್ರ್ಯಾಕ್ ಎಲ್ಲಿದೆ ಅನ್ನುವ ಪಟ್ಟಿ ಅಷ್ಟೇ ಅದರಲ್ಲಿ ಇರೋದು, ನಿಜವಾದ ದನಿ ಬೇರೆ ಫೋಲ್ಡರ್‌ನಲ್ಲಿತ್ತು. ಆಮೇಲೆ ಲ್ಯಾಪ್‌ಟಾಪ್ ಕೆಟ್ಟಿತು, ರಿಪೇರಿಗೆ ಕೊಟ್ಟಾಗ ಡಿಸ್ಕ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರು. ಅಜ್ಜಿ ಈಗಿಲ್ಲ. ಅದಕ್ಕೇ ಕೈಮುಗಿದು ಹೇಳುತ್ತೇನೆ: ರೀಪರ್‌ನಲ್ಲಿ ಒಂದು ಸ್ವರ ಹಾಡುವ ಮೊದಲೇ ಪ್ರಾಜೆಕ್ಟ್ ಸೇವ್ ಮಾಡಿ, ಸೇವ್ ಮಾಡುವ ಕಿಟಕಿಯಲ್ಲಿ ಪ್ರಾಜೆಕ್ಟಿಗೆ ಪ್ರತ್ಯೇಕ ಫೋಲ್ಡರ್ ಮಾಡು ಅನ್ನುವ ಗುರುತು ಇರುತ್ತದೆ, ಎಲ್ಲ ದನಿ ಫೈಲುಗಳನ್ನು ಅದರೊಳಗೆ ನಕಲು ಮಾಡು ಅನ್ನುವುದೂ ಇರುತ್ತದೆ, ಎರಡಕ್ಕೂ ಟಿಕ್ ಹಾಕಿ, ಮುಗಿದ ಮೇಲೆ ಆ ಇಡೀ ಫೋಲ್ಡರ್ ಅನ್ನೇ ಇನ್ನೊಂದು ಡಿಸ್ಕ್‌ಗೆ ಹಾಕಿ. ಆಡಾಸಿಟಿಯ 3.0 ಆವೃತ್ತಿಯಿಂದ ಎಲ್ಲವೂ ಒಂದೇ ಫೈಲಿನಲ್ಲಿ ಕೂರುತ್ತದೆ, ಈ ವಿಷಯದಲ್ಲಿ ಅದು ನೆಮ್ಮದಿ. ಜಾಗದ ಲೆಕ್ಕ ಬೇಕಾದರೆ: 24 ಬಿಟ್, 48 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ರೆಕಾರ್ಡ್ ಮಾಡಿದರೆ ಒಂದು ಟ್ರ್ಯಾಕ್‌ಗೆ ನಿಮಿಷಕ್ಕೆ 8.6 ಎಂಬಿ. ನಲವತ್ತು ನಿಮಿಷ, ಎರಡು ಟ್ರ್ಯಾಕ್ ಅಂದರೆ 700 ಎಂಬಿ ಹತ್ತಿರ.

ಇನ್ನೊಂದು ಮಾತು. ಮೊಬೈಲ್ ಆಪ್‌ನ ತಂಬೂರಿಯನ್ನು ಸ್ಪೀಕರ್‌ನಲ್ಲಿ ಹಾಕಿಕೊಂಡು ಹಾಡಬೇಡಿ, ಅದು ನಿಮ್ಮ ಮೈಕ್‌ಗೂ ಹೋಗುತ್ತದೆ, ಆಮೇಲೆ ಬೇರೆ ಮಾಡೋಕಾಗಲ್ಲ. ಮೊದಲು ಅದನ್ನು ಒಂದು ಟ್ರ್ಯಾಕ್‌ಗೆ ಹಾಕಿ, ಹೆಡ್‌ಫೋನ್‌ನಲ್ಲಿ ಕೇಳುತ್ತ ಹಾಡಿ. ಒಂದು ಕಿವಿ ಬಿಟ್ಟುಕೊಂಡರೆ ನಿಮ್ಮ ದನಿ ನಿಮಗೆ ಸಹಜವಾಗಿ ಕೇಳುತ್ತದೆ. ತಾರ ಷಡ್ಜ (ಮೇಲಿನ ಸ) ಪೂರ್ತಿ ಬಿಟ್ಟು ಹಾಡಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ಇರಲಿ, ಸೊನ್ನೆ ಮುಟ್ಟಿದರೆ ಅಲೆಯ ತಲೆ ಕುಡುಗೋಲಿನಲ್ಲಿ ಕೊಯ್ದಂತೆ ಚಪ್ಪಟೆಯಾಗುತ್ತದೆ.

ಪ್ರಶ್ನೆ: ಸರ್, ನಾನು ಪಿಯುಸಿ ಎರಡನೇ ವರ್ಷ. ನಮ್ಮ ಹುಬ್ಬಳ್ಳಿ ಭಾಷೆಯಲ್ಲೇ ರ‍್ಯಾಪ್ ಬರೆಯುತ್ತೇನೆ. ಗೆಳೆಯ ಎಫ್‌ಎಲ್ ಸ್ಟುಡಿಯೋ ಕ್ರ್ಯಾಕ್ ಮಾಡಿದ್ದು ಕೊಟ್ಟಿದ್ದಾನೆ. ಹಾಡುವಾಗ ನನ್ನ ದನಿ ಹೆಡ್‌ಫೋನ್‌ನಲ್ಲಿ ತಡವಾಗಿ ಬರುತ್ತದೆ, ತಾಳ ತಪ್ಪುತ್ತದೆ. ಏನು ಮಾಡಲಿ?
— ಓದುಗ, ಹಳೇ ಹುಬ್ಬಳ್ಳಿ

ಉತ್ತರ: ನೋಡು ತಮ್ಮಾ, ಕ್ರ್ಯಾಕ್ ಮೊದಲು ತೆಗೆದುಹಾಕು. ಅದರ ಜೊತೆ ಏನೇನು ಒಳಗೆ ಬಂದಿರುತ್ತದೋ ಗೊತ್ತಾಗಲ್ಲ, ನಿನ್ನ ಬರವಣಿಗೆ ಎಲ್ಲ ಅದೇ ಲ್ಯಾಪ್‌ಟಾಪ್‌ನಲ್ಲಿದೆ. ಎಫ್‌ಎಲ್ ಸ್ಟುಡಿಯೋ ಬೀಟ್ ಕಟ್ಟೋಕೆ ತುಂಬ ಒಳ್ಳೆಯದು, ಒಮ್ಮೆ ಕೊಂಡರೆ ಮುಂದಿನ ಎಲ್ಲ ಆವೃತ್ತಿ ಪುಕ್ಕಟೆ. ಆದರೆ ಅದರ ಅತಿ ಕಡಿಮೆ ಬೆಲೆಯ ಫ್ರೂಟಿ ಆವೃತ್ತಿಯಲ್ಲಿ ದನಿ ರೆಕಾರ್ಡ್ ಮಾಡಿ ಟ್ರ್ಯಾಕ್‌ನಲ್ಲಿ ಕೂರಿಸೋಕೆ ಬರುತ್ತದಾ ಅಂತ ಕೊಳ್ಳುವ ಮೊದಲು ನೋಡಿಕೊ, ಪ್ರೊಡ್ಯೂಸರ್ ಆವೃತ್ತಿಯಲ್ಲಿ ಬರುತ್ತದೆ. ಕೊಳ್ಳುವವರು ಇಲ್ಲೇ ಮೋಸ ಹೋಗೋದು. ಅದರ ಟ್ರಯಲ್‌ನಲ್ಲಿ ಮಾಡಿದ್ದನ್ನು ಸೇವ್ ಮಾಡಬಹುದು, ದುಡ್ಡು ಕೊಡೋವರೆಗೂ ಮತ್ತೆ ತೆರೆಯೋಕೆ ಆಗಲ್ಲ. ಈಗ ದುಡ್ಡಿಲ್ಲ ಅಂದರೆ ಎಲ್‌ಎಂಎಂಎಸ್ ಅಂತ ಪುಕ್ಕಟೆ ಇದೆ, ಅದರಲ್ಲಿ ಬೀಟ್ ಕಟ್ಟು, ವೇವ್ ಫೈಲ್ (ದನಿಯನ್ನು ಕುಗ್ಗಿಸದೆ ಇಡುವ ಫೈಲ್) ಮಾಡಿ ರೀಪರ್‌ಗೆ ತಂದು ಅದರ ಮೇಲೆ ಹಾಡು.

ತಡ ಆಗೋದಕ್ಕೆ ಕಾರಣ ಬಫರ್. ಕಂಪ್ಯೂಟರ್ ದನಿಯನ್ನು ಬುಟ್ಟಿ ಬುಟ್ಟಿಯಾಗಿ ತುಂಬಿಕೊಂಡು ಸಾಗಿಸುತ್ತದೆ. ಬುಟ್ಟಿ 1,024 ಸ್ಯಾಂಪಲ್‌ದಾದರೆ (ಸ್ಯಾಂಪಲ್ ಅಂದರೆ ದನಿಯ ಒಂದೊಂದು ಅಂಕಿ) 48 ಕಿಲೋಹರ್ಟ್ಸ್‌ನಲ್ಲಿ ಅದು ತುಂಬೋಕೆ 21 ಮಿಲಿಸೆಕೆಂಡ್, ಒಳಗೆ ಹೋಗೋಕೆ ಒಂದು, ಹೊರಗೆ ಬರೋಕೆ ಇನ್ನೊಂದು. 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡೂ ಇಲ್ಲ. ಹಾಡುವಾಗ ಇಳಿಸು, ಮಿಕ್ಸ್ ಮಾಡುವಾಗ ಏರಿಸು, ಇಲ್ಲದಿದ್ದರೆ ಹಳೆ ಲ್ಯಾಪ್‌ಟಾಪ್ ಚಟಪಟ ಅನ್ನುತ್ತದೆ. ಇಂಟರ್ಫೇಸ್ ಇದ್ದರೆ ತಡ ಕಡಿಮೆ ಮಾಡುವ ಏಸಿಯೋ (ASIO) ಡ್ರೈವರ್, ಅದೂ ಅದರ ಕಂಪನಿಯದನ್ನೇ ಹಾಕಿಕೊ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಬೇಡ, ಅದರ ತಡವನ್ನು ಯಾವ ಸೆಟ್ಟಿಂಗೂ ಸರಿ ಮಾಡಲ್ಲ. ಮತ್ತೆ, ಇಂಟರ್ಫೇಸ್ ಕೊಳ್ಳುವಾಗ ಡಬ್ಬಿಯ ಒಳಗಿನ ಚೀಟಿ ಎಸೆಯಬೇಡ. ಎಷ್ಟೋ ಇಂಟರ್ಫೇಸ್ ಜೊತೆ ಏಬಲ್ಟನ್ ಲೈವ್ ಲೈಟ್ ಥರದ ರೆಕಾರ್ಡಿಂಗ್ ಸಾಫ್ಟ್‌ವೇರ್ ಪುಕ್ಕಟೆ ಬರುತ್ತದೆ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ನಮ್ಮೂರ ಭಜನಾ ಮೇಳದವರು ಶರೀಫರ ತತ್ವಪದ ಹಾಡುತ್ತಾರೆ, ಹಿರಿಯರಿಗೆಲ್ಲ ವಯಸ್ಸಾಯಿತು. ನನ್ನ ಹತ್ತಿರ ಫೋನ್ ಒಂದೇ ಇದೆ. ರೆಕಾರ್ಡ್ ಮಾಡಿದರೆ ಬರೀ ದಮ್ಮಡಿ ಕೇಳುತ್ತದೆ, ಪದ ಕೇಳಲ್ಲ. ಸಾಫ್ಟ್‌ವೇರ್‌ನಿಂದ ಸರಿ ಮಾಡಬಹುದಾ?
— ಓದುಗರು, ಶಿಗ್ಗಾವಿ ತಾಲ್ಲೂಕು, ಹಾವೇರಿ ಜಿಲ್ಲೆ

ಉತ್ತರ: ಗುರುಗಳೇ, ಇದಕ್ಕೆ ಸಾಫ್ಟ್‌ವೇರ್ ಬೇಡ, ಕೂರುವ ಜಾಗ ಬದಲಿಸಿದರೆ ಆಯಿತು. ಹಿರಿಯರನ್ನು ಒಬ್ಬೊಬ್ಬರಾಗಿ ಬೇರೆ ಕೂರಿಸಿ ಹಾಡಿಸಬೇಡಿ, ಒಬ್ಬರ ಸೊಲ್ಲಿಗೆ ಇನ್ನೊಬ್ಬರು ದನಿ ಕೊಟ್ಟರೇ ಆ ಪದ. ಅರ್ಧ ಚಂದ್ರಾಕಾರ ಕೂರಿಸಿ. ಮುಖ್ಯವಾಗಿ ಹಾಡುವವರ ಎದುರು ಎರಡು ಮೊಳ ದೂರದಲ್ಲಿ, ಎದೆಯ ಎತ್ತರಕ್ಕೆ ಫೋನ್ ಇಡಿ. ಏಕತಾರಿ ಅವರ ಪಕ್ಕ, ದಮ್ಮಡಿ, ತಾಳ ಎಲ್ಲರಿಗಿಂತ ಹಿಂದೆ. ಅರ್ಧ ನಿಮಿಷ ಹಾಡಿಸಿ, ಕೇಳಿ, ಮತ್ತೆ ದಮ್ಮಡಿಯವರನ್ನು ಒಂದು ಹೆಜ್ಜೆ ಹಿಂದೆ ಕಳಿಸಿ. ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ, ಫ್ಯಾನ್ ಬಂದ್ ಇರಲಿ. ಎಂಪಿ3 ಬದಲು ವೇವ್ ಆಗಿ ಉಳಿಸುವ ರೆಕಾರ್ಡರ್ ಆಪ್ ಆರಿಸಿ.

ಆಮೇಲೆ ಶಾಲೆಯ ಕಂಪ್ಯೂಟರ್‌ಗೆ ಹಾಕಿಕೊಂಡು ಆಡಾಸಿಟಿಯಲ್ಲಿ ಮೊದಲು, ಕೊನೆಗೆ ಇರುವ ಗದ್ದಲ ಕತ್ತರಿಸಿದರೆ ಸಾಕು. ಅದರಲ್ಲಿ ಗದ್ದಲ ತೆಗೆಯುವ ಸೌಲಭ್ಯ ಇದೆ, ಜಾಸ್ತಿ ಎಳೆದರೆ ದನಿ ಕೊಳವೆಯಿಂದ ಬಂದಂತಾಗುತ್ತದೆ. ಮುಟ್ಟದ ಮೂಲ ಫೈಲು ಒಂದನ್ನು ಹಾಗೇ ಇಟ್ಟುಕೊಳ್ಳಿ. ಪ್ರತಿ ಪದ ಶುರುವಾಗುವ ಮೊದಲು ಹಾಡುವವರ ಬಾಯಲ್ಲೇ ಅವರ ಹೆಸರು, ಊರು, ಯಾರಿಂದ ಕಲಿತರು ಅನ್ನೋದನ್ನ ಹೇಳಿಸಿ. ಹಬ್ಬ ಬರಲಿ ಅಂತ ಕಾಯಬೇಡಿ ಗುರುಗಳೇ, ಬರುವ ಸೋಮವಾರದ ಭಜನೆಗೇ ಫೋನ್ ತಗೊಂಡು ಹೋಗಿ.