ಸ್ಟೇನ್‌ಲೆಸ್ ಡಬ್ಬಿಗೂ ತುಕ್ಕು ಬರುತ್ತಾ?

ಪ್ರಶ್ನೆ: ಉಪ್ಪು ಹಾಕಿಡಲು ಹೊಸ ಸ್ಟೀಲ್ ಡಬ್ಬಿ ತಂದಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ತಳದಲ್ಲಿ ಕಂದು ಚುಕ್ಕಿ ಎದ್ದಿವೆ. ಡಬ್ಬಿ ಮೇಲೆ ‘ಸ್ಟೇನ್‌ಲೆಸ್’ ಅಂತ ಅಚ್ಚು ಇದೆ. ಹಾಗಂದ್ರೆ ತುಕ್ಕು ಹಿಡಿಯೋದೇ ಇಲ್ಲ ಅಂತ ಅಲ್ವಾ? ಅಂಗಡಿಯವರು ಮೋಸ ಮಾಡಿದ್ರಾ?
– ಒಬ್ಬ ಗೃಹಿಣಿ, ಬೆಟಗೇರಿ

ಉತ್ತರ: ಮೋಸ ಅಂತ ಈಗಲೇ ಅನ್ನಬೇಡಿ ಅಕ್ಕಾರೆ. ಇಂಗ್ಲಿಷಿನಲ್ಲಿ ‘ಸ್ಟೇನ್’ ಅಂದ್ರೆ ಕಲೆ. ಸ್ಟೇನ್‌ಲೆಸ್ ಅಂದ್ರೆ ಕಲೆ ಇಲ್ಲದ್ದು. ಲೋಹಕ್ಕಿಂತ ಮೊದಲೇ ಕಳಂಕವಿಲ್ಲದ ಹೆಸರು, ನಡತೆಗೆ ಈ ಮಾತು ಬಳಕೆಯಲ್ಲಿತ್ತು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರೇರ್ಲಿ ಕ್ರೋಮಿಯಂ ಬೆರೆಸಿದ ಉಕ್ಕು ಮಾಡಿದಾಗ ಅದಕ್ಕೆ ‘ರಸ್ಟ್‌ಲೆಸ್’ ಅಂದಿದ್ದರು. ಚಾಕು ತಯಾರಿಸುತ್ತಿದ್ದ ಅರ್ನೆಸ್ಟ್ ಸ್ಟುವರ್ಟ್ ವಿನೆಗರ್ ಹಾಕಿ ಪರೀಕ್ಷೆ ಮಾಡಿ ‘ಸ್ಟೇನ್‌ಲೆಸ್’ ಅಂದರು. ಆ ಹೆಸರೇ ನಿಂತಿತು.

ನಮ್ಮ ಮನೆಗಳಲ್ಲಿ ಬರೀ ‘ಸ್ಟೀಲ್’ ಅಂದರೂ ಸ್ಟೇನ್‌ಲೆಸ್ಸೇ. ಆದರೆ ಹುಬ್ಬಳ್ಳಿ ಗೋಕುಲ ರಸ್ತೆಯ ಶೆಡ್ಡಿಗೆ ಹೋಗಿ ಸ್ಟೀಲ್ ಗೇಟ್ ಕೇಳಿ, ‘ಎಂಎಸ್ಸೋ, ಎಸ್ಸೆಸ್ಸೋ?’ ಅಂತಾರೆ. ಎಂಎಸ್ ಅಂದ್ರೆ ಮೈಲ್ಡ್ ಸ್ಟೀಲ್. ಬಣ್ಣ ಹೊಡೆಯದಿದ್ದರೆ ತುಕ್ಕು ತಿನ್ನುತ್ತದೆ. ಎಸ್ಸೆಸ್ ಅಂದ್ರೆ ಸ್ಟೇನ್‌ಲೆಸ್ ಸ್ಟೀಲ್, ನಿಮ್ಮ ಡಬ್ಬಿಯ ಜಾತಿ. ನಾನು ಅಂಥ ಶೆಡ್ಡಿನಲ್ಲೇ ಕೆಲಸ ಕಲಿತವನು.

ಎಸ್ಸೆಸ್‌ನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರಬೇಕು. ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಗಾಳಿ ಸಿಕ್ಕರೆ ಮತ್ತೆ ಕಟ್ಟಿಕೊಳ್ಳುತ್ತದೆ. ಗಾಯದ ಮೇಲೆ ಚರ್ಮ ಬರುವ ಹಾಗೆ ದಿನಗಟ್ಟಲೆ ಕಾಯಬೇಕಿಲ್ಲ, ತಾನಾಗಿಯೇ ಆಗುತ್ತದೆ. ಈ ಪೊರೆಯ ದೊಡ್ಡ ವೈರಿ ಉಪ್ಪು. ಮಳೆಗಾಲದಲ್ಲಿ ಉಪ್ಪು ನೀರು ಹೀರಿ ತಳಕ್ಕೆ ಅಂಟಿ ಕೂರುತ್ತದೆ. ಅದರಲ್ಲಿರುವ ಕ್ಲೋರೈಡ್ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ಉಪ್ಪಿನ ಅಡಿಯಲ್ಲಿ ಗಾಳಿ ಸಿಗದೆ ಪೊರೆ ಮತ್ತೆ ಕಟ್ಟುವುದಿಲ್ಲ. ಅಲ್ಲೇ ಸಣ್ಣ ಗುಳಿ ಬೀಳುತ್ತದೆ. ನೀವು ನೋಡಿದ ಚುಕ್ಕಿ ಬಹುಶಃ ಇದೇ.

ಇನ್ನೊಂದು ಕಾರಣ ನಮ್ಮ ಕೆಲಸದಲ್ಲಿ ಕಂಡದ್ದು. ಎಂಎಸ್ ತಿಕ್ಕಿದ ಗ್ರೈಂಡಿಂಗ್ ಚಕ್ರವನ್ನೇ ಎಸ್ಸೆಸ್‌ಗೆ ಹಚ್ಚಿದರೆ ಕಬ್ಬಿಣದ ಪುಡಿ ಅದರಲ್ಲಿ ಅಂಟಿಕೊಳ್ಳುತ್ತದೆ. ಒಂದು ಮಳೆ ಬಿದ್ದರೆ ಸಾಕು, ಹೊಳೆಯುವ ಗೇಟಿನ ತುಂಬ ಕಂದು ಮಚ್ಚೆ. ಎಸ್ಸೆಸ್‌ಗೆ ಬೇರೆ ಚಕ್ರವೇ ಇಡಬೇಕು. ಅಡುಗೆಮನೆಯಲ್ಲಿ ಕಬ್ಬಿಣದ ತಂತಿ ಬ್ರಶ್ಶೂ ಇದೇ ಕೆಲಸ ಮಾಡುತ್ತದೆ. ಅದನ್ನು ದಯವಿಟ್ಟು ಬಿಡಿ.

ಎಸ್ಸೆಸ್‌ನ ತರಗತಿಯೂ (ಗ್ರೇಡ್) ಮುಖ್ಯ, ಅದನ್ನು 304, 202 ಅಂತ ಸಂಖ್ಯೆಯಲ್ಲಿ ಹೇಳುತ್ತಾರೆ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ, ಬದಲಿಗೆ ಮ್ಯಾಂಗನೀಸ್ ಜಾಸ್ತಿ. ಬೆಲೆ ಕಡಿಮೆ, ತಾಳಿಕೆಯೂ ಕಡಿಮೆ. ಎರಡೂ ಸ್ಟೇನ್‌ಲೆಸ್ಸೇ. ಅಯಸ್ಕಾಂತ ಅಂಟದಿದ್ದರೆ 304 ಅಂತ ಅನೇಕರು ನಂಬುತ್ತಾರೆ, ಆದರೆ 202ಕ್ಕೂ ಅದು ಅಂಟುವುದಿಲ್ಲ. ಬಾಂಡೆ ಅಂಗಡಿಯಲ್ಲಿ ಬಿಲ್ ಮೇಲೆ ತರಗತಿ ಬರೆಸಿಕೊಳ್ಳಿ.

ಸದ್ಯಕ್ಕೆ ಡಬ್ಬಿಯನ್ನು ಹುಣಸೆಹುಳಿ ಹಚ್ಚಿ ಮೆತ್ತಗೆ ತಿಕ್ಕಿ, ತೊಳೆದು ಪೂರ್ತಿ ಒಣಗಿಸಿ. ಉಗುರಿಗೆ ಗುಳಿ ಸಿಗದಿದ್ದರೆ ರವೆ, ಬೇಳೆ ಹಾಕಿಡಲು ಚೆನ್ನಾಗಿಯೇ ಇದೆ. ಉಪ್ಪು, ಉಪ್ಪಿನಕಾಯಿಗೆ ಮಾತ್ರ ಪಿಂಗಾಣಿ ಭರಣಿಯೋ ಗಾಜಿನ ಬಾಟಲಿಯೋ ಇರಲಿ.