ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ.; ಟಿಕೆಟ್‌ನಲ್ಲಿ ಕಾಣುವ ಸಮಯ ಒಂದು ಗಂಟೆಯ ಆಸುಪಾಸು. (ಶಿರಾಡಿ ಘಾಟಿಯ ರಸ್ತೆಯಲ್ಲಾದರೆ 350 ಕಿ.ಮೀ., ಏಳೆಂಟು ತಾಸು.)

ಗಂಟೆಗೆ 800 ಕಿ.ಮೀ. ಹಾರುವ ಜೆಟ್‌ಗೆ ಇಪ್ಪತ್ತೈದು ನಿಮಿಷ ಸಾಕಲ್ಲ ಅನ್ನಿಸಬಹುದು. ಆದರೆ ಟಿಕೆಟ್‌ನ ಲೆಕ್ಕ ವಿಮಾನ ನಿಂತ ಜಾಗ ಬಿಟ್ಟಾಗಿನಿಂದ ಅಲ್ಲಿ ಹೋಗಿ ನಿಲ್ಲುವವರೆಗೆ. ರನ್‌ವೇವರೆಗಿನ ತೆವಳಾಟ, ಸರದಿ ಕಾಯುವುದು ಎಲ್ಲ ಅದರಲ್ಲೇ ಸೇರಿತು. ಹಾರಿದ ಮೇಲೂ ಪೂರ್ತಿ ವೇಗ ಸಿಗುವುದು ಎತ್ತರಕ್ಕೆ ಏರಿದ ನಂತರವೇ. ಇಷ್ಟು ಹತ್ತಿರದ ಊರಾದರೆ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತು. ಇನ್ನು ಮಳೆಗಾಲದಲ್ಲಿ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಗೆ ಮೋಡ ಕವಿದರೆ ಮೇಲೆಯೇ ಸುತ್ತು ಹೊಡೆಯಬೇಕಾದೀತು.